ಯಾರದೋ ದುಡ್ಡು, ಮಯಾಮಿಯಲ್ಲಿ ಜಾತ್ರೆ

ಅಮೆರಿಕದಲ್ಲಿ ಬೇಸ್‌ಬಾಲ್ ತಂಡದ ಮಾಲೀಕನಷ್ಟು ಬಡವ ಇನ್ನೊಬ್ಬ ಸಿಗುವುದು ಕಷ್ಟ. ಹೊಸ ಸ್ಟೇಡಿಯಂ ಬೇಕು ಅನ್ನಿಸಿದ ದಿನವೇ ಅವನ ಜೇಬು ತೂತಾಗುತ್ತದೆ. ಫ್ಲೋರಿಡಾ ಮರ್ಲಿನ್ಸ್ ತಂಡದ ಮಾಲೀಕ ಜೆಫ್ರಿ ಲೋರಿಯಾ ಅವರಿಗೂ ಹಾಗೇ ಆಯಿತು. ಕಲಾಕೃತಿಗಳ ವ್ಯಾಪಾರದಲ್ಲಿ ದುಡ್ಡು ಮಾಡಿದವರು ಅವರು, ಪಾಪ. ತಂಡದ ವಾದ ಸರಳವಾಗಿತ್ತು. ಬೇರೆಯವರ ಫುಟ್‌ಬಾಲ್ ಸ್ಟೇಡಿಯಂನಲ್ಲಿ, ಬಿಸಿಲು ಮಳೆಯಲ್ಲಿ ಆಡಿದರೆ ಜನ ಬರುವುದಿಲ್ಲ. ಜನ ಬರದಿದ್ದರೆ ದುಡ್ಡಿಲ್ಲ. ದುಡ್ಡಿಲ್ಲದಿದ್ದರೆ ಒಳ್ಳೆ ಆಟಗಾರರು ಉಳಿಯುವುದಿಲ್ಲ. ನೀವು ಸ್ಟೇಡಿಯಂ ಕಟ್ಟಿಕೊಡಿ, ನಾವು ತಂಡ ಕಟ್ಟುತ್ತೇವೆ!

2009ರಲ್ಲಿ ಮಯಾಮಿ-ಡೇಡ್ ಕೌಂಟಿಯವರು, ಅಂದರೆ ನಮ್ಮ ಜಿಲ್ಲಾಡಳಿತದ ಥರದವರು, ಹೂಂ ಎಂದು ತಲೆಯಾಡಿಸಿದರು. ಒಟ್ಟು ಖರ್ಚು ಸುಮಾರು 63.4 ಕೋಟಿ ಡಾಲರ್. ಅದರಲ್ಲಿ ಮುಕ್ಕಾಲಿಗೂ ಜಾಸ್ತಿ ಸಾರ್ವಜನಿಕರ ಹಣ. ತಂಡದ ಲೆಕ್ಕದ ಪುಸ್ತಕ ತೋರಿಸಿ ಎಂದರೆ ಮಾತ್ರ ಅದು ಖಾಸಗಿ ವಿಷಯ. 2010ರಲ್ಲಿ ಆ ಪುಟಗಳು ಹೇಗೋ ಹೊರಬಿದ್ದವು. ನೋಡಿದರೆ ಬಡ ತಂಡ ಚೆನ್ನಾಗಿಯೇ ಲಾಭದಲ್ಲಿತ್ತು. ಜನರಿಗೆ ಸಿಟ್ಟು ಬಂತು. ಆಸ್ತಿ ತೆರಿಗೆ ಏರಿಸಿದ ಸಿಟ್ಟೂ ಜೊತೆಗಿತ್ತು. 2011ರ ಮಾರ್ಚ್‌ನಲ್ಲಿ ಮತ ಹಾಕಿ ಕೌಂಟಿಯ ಮೇಯರ್ ಕಾರ್ಲೋಸ್ ಅಲ್ವಾರೆಜ್ ಅವರನ್ನು ಮನೆಗೆ ಕಳಿಸಿದರು. ಕಳಿಸಿ ಎಂದವರು ಶೇಕಡಾ 88. ಮೇಯರ್ ಹೋದರು, ಸ್ಟೇಡಿಯಂ ಏಳುತ್ತಲೇ ಇತ್ತು.

ಸಾಲದ ಕಥೆ ಇನ್ನೂ ಚೆನ್ನಾಗಿದೆ. ಕೌಂಟಿ ಎತ್ತಿದ ಸಾಲಗಳಲ್ಲಿ ಒಂದು ಸುಮಾರು 9.1 ಕೋಟಿ ಡಾಲರಿನದು. ಮೊದಲ ವರ್ಷಗಳಲ್ಲಿ ಕಟ್ಟುವ ತಲೆನೋವಿಲ್ಲ, ಬಡ್ಡಿ ಸುಮ್ನೆ ಬೆಳೆಯುತ್ತಿರುತ್ತದೆ. ತೀರುವುದು 2048ರ ಹೊತ್ತಿಗೆ. ಅಷ್ಟರಲ್ಲಿ ಕಟ್ಟಬೇಕಾದ ಮೊತ್ತ ಸುಮಾರು 120 ಕೋಟಿ. ಸಾಲ ಮಾಡಿಯಾದರೂ ತುಪ್ಪ ತಿನ್ನು ಅಂತ ನಮ್ಮಲ್ಲಿ ಗಾದೆ ಇದೆ. ಮಯಾಮಿಯಲ್ಲಿ ಸಾಲ ಒಬ್ಬರದು, ತುಪ್ಪ ಇನ್ನೊಬ್ಬರದು.

2012ರ ಏಪ್ರಿಲ್‌ನಲ್ಲಿ ಜಾತ್ರೆ ಶುರುವಾಯಿತು. ಜಾಗ ಮಯಾಮಿಯ ಲಿಟಲ್ ಹವಾನಾ, ಕ್ಯೂಬಾದಿಂದ ಬಂದವರ ಬಡಾವಣೆ. ತಂಡದ ಹೆಸರು ಈಗ ಮಯಾಮಿ ಮರ್ಲಿನ್ಸ್. ತೆರೆದು ಮುಚ್ಚುವ ಚಾವಣಿ. ಬ್ಯಾಟರ್ ನಿಲ್ಲುವ ಜಾಗದ ಹಿಂದಿನ ಗೋಡೆಯಲ್ಲಿ ಎರಡು ಅಕ್ವೇರಿಯಂ, ಚೆಂಡು ಬಡಿದರೂ ಒಡೆಯದ ಗಾಜು, ಒಳಗೆ ನಿಜವಾದ ಮೀನು. ಅದಕ್ಕಿಂತ ದೊಡ್ಡ ಆಕರ್ಷಣೆ ಮೈದಾನದ ಆಚೆ ತುದಿಯಲ್ಲಿ, ಏಳಂತಸ್ತಿನ ಎತ್ತರದ ಒಂದು ಬಣ್ಣಬಣ್ಣದ ಯಂತ್ರ. ಮರ್ಲಿನ್ಸ್ ಆಟಗಾರ ಹೋಮ್ ರನ್ ಹೊಡೆದರೆ, ಅಂದರೆ ನಮ್ಮ ಸಿಕ್ಸರ್ ಥರ ಆಚೆ ದಾಟಿಸಿದರೆ, ಅದರಲ್ಲಿ ಮೀನು ಎಗರುತ್ತಿತ್ತು, ಫ್ಲೆಮಿಂಗೊ ಹಕ್ಕಿಗಳು ಕುಣಿಯುತ್ತಿದ್ದವು, ನೀರು ಚಿಮ್ಮುತ್ತಿತ್ತು. ಬೆಲೆ ಸುಮಾರು 25 ಲಕ್ಷ ಡಾಲರ್. ಅದೂ ಸಾರ್ವಜನಿಕ ಕಲಾ ನಿಧಿಯಿಂದ. ಕಲಾ ವ್ಯಾಪಾರಿ ಮಾಲೀಕರಾದರೆ ಇಷ್ಟಾದರೂ ಇರಬೇಡವೇ?

ಆಟಗಾರರನ್ನೂ ತಂದರು. ಹೊಸೆ ರೆಯೆಸ್, ಮಾರ್ಕ್ ಬ್ಯೂರ್ಲಿ, ಹೀತ್ ಬೆಲ್. ಮೂವರ ಕರಾರು ಸೇರಿ 19.1 ಕೋಟಿ ಡಾಲರ್. ನೋಡಿ, ಮಾತಿಗೆ ತಪ್ಪಲಿಲ್ಲ ಅಲ್ವಾ ಅಂದರು ಜನ. ಮ್ಯಾನೇಜರ್, ಅಂದರೆ ನಮ್ಮ ಕೋಚ್ ಥರ, ಆಗಿ ಬಂದ ಓಜಿ ಗಿಯೆನ್ ಮಾತ್ರ ಮೊದಲ ವಾರದಲ್ಲೇ ಕ್ಯೂಬಾದ ನಾಯಕ ಫಿಡೆಲ್ ಕ್ಯಾಸ್ಟ್ರೊ ಮೇಲಿನ ತಮ್ಮ ಪ್ರೀತಿ ಪತ್ರಿಕೆಯಲ್ಲಿ ಹೊರಬರುವಂತೆ ನೋಡಿಕೊಂಡರು. ಕ್ಯಾಸ್ಟ್ರೊ ಆಳ್ವಿಕೆಯಿಂದ ಓಡಿಬಂದವರ ಬೀದಿಯಲ್ಲೇ ಕಟ್ಟಿದ ಸ್ಟೇಡಿಯಂ ಅದು. ಐದು ಪಂದ್ಯ ಅಮಾನತು, ಕ್ಷಮೆ, ಕಣ್ಣೀರು.

ಮೇ ತಿಂಗಳಲ್ಲಿ ತಂಡ 21 ಗೆದ್ದು 8 ಸೋತಿತು. ಜೂನ್‌ನಲ್ಲಿ 8 ಗೆದ್ದು 18 ಸೋತಿತು. ಜುಲೈಯಲ್ಲೇ ಮಾರಾಟ ಶುರು. ತಂಡದ ಹಳೆಯ ತಾರೆ ಹ್ಯಾನ್ಲಿ ರಮಿರೆಜ್ ಲಾಸ್ ಏಂಜಲೀಸ್‌ಗೆ ಹೋದರು. ಸೀಸನ್ ಮುಗಿದಾಗ 69 ಗೆಲುವು, 93 ಸೋಲು, ಗುಂಪಿನಲ್ಲಿ ಕೊನೆಯ ಸ್ಥಾನ. ಅಕ್ಟೋಬರ್‌ನಲ್ಲಿ ಬೆಲ್ ಅರಿಜೋನಾಗೆ, ಗಿಯೆನ್ ಮನೆಗೆ. ನವೆಂಬರ್‌ನಲ್ಲಿ ರೆಯೆಸ್, ಬ್ಯೂರ್ಲಿ, ಜೊತೆಗೆ ಜಾಶ್ ಜಾನ್ಸನ್, ಇನ್ನಿಬ್ಬರು ಒಂದೇ ಗಂಟಿನಲ್ಲಿ ಟೊರಾಂಟೊಗೆ. ಒಳ್ಳೆ ಆಟಗಾರರನ್ನು ಉಳಿಸಿಕೊಳ್ಳಲು ಕಟ್ಟಿದ ಸ್ಟೇಡಿಯಂನಲ್ಲಿ ಉಳಿದದ್ದು ಮೀನುಗಳು. ಅವಕ್ಕೆ ಸಂಬಳ ಕಡಿಮೆ.

ಮಯಾಮಿಯಲ್ಲಿ ಒಳ್ಳೆಯ ಮನೆ ತಗೊಳ್ಳಿ ಎಂದು ಮಾಲೀಕರೇ ಕೆಲವು ದಿನಗಳ ಹಿಂದೆ ಹೇಳಿದ್ದರು ಅಂತ ರೆಯೆಸ್ ಆಮೇಲೆ ಹೇಳಿಕೊಂಡರು. ಬ್ಯೂರ್ಲಿ ಕಥೆ ಇನ್ನೂ ಕರುಣಾಜನಕ. ಅವರ ಮನೆಯಲ್ಲೊಂದು ಪಿಟ್‌ಬುಲ್ ಇತ್ತು. ಮಯಾಮಿ-ಡೇಡ್‌ನಲ್ಲಿ ಆಗ ಆ ತಳಿಗೆ ನಿಷೇಧವಿತ್ತು. ನಾಯಿಗಾಗಿಯೇ ಪಕ್ಕದ ಕೌಂಟಿಯಲ್ಲಿ ಮನೆ ಮಾಡಿದ್ದರು. ತಂಡ ಅವರನ್ನು ಸಾಗಹಾಕಿದ ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲೂ ಪಿಟ್‌ಬುಲ್ ನಿಷೇಧ! ಈ ಇಡೀ ವ್ಯವಹಾರದಲ್ಲಿ ನಿಯತ್ತಿನ ಪ್ರಾಣಿ ಆ ನಾಯಿ ಒಂದೇ, ಅದಕ್ಕೆ ಎಲ್ಲೂ ಜಾಗವಿಲ್ಲ.

2013ರ ಫೆಬ್ರುವರಿಯಲ್ಲಿ ಮಾಲೀಕರು ಪತ್ರಿಕೆಗಳಲ್ಲಿ ಅಭಿಮಾನಿಗಳಿಗೆ ಪತ್ರ ಹಾಕಿಸಿದರು. ಸ್ಟೇಡಿಯಂಗೆ ಬಂದ ಸರ್ಕಾರಿ ಹಣದಲ್ಲಿ ಹೆಚ್ಚಿನದು ಹೋಟೆಲ್ ತೆರಿಗೆಯದು, ಪ್ರವಾಸಿಗರು ಕೊಟ್ಟದ್ದು, ನಿಮ್ಮದಲ್ಲ ಅಂದರು. ಆ ತೆರಿಗೆಯಿಂದ ಊರಿಗೆ ಬೇರೇನಾದರೂ ಆಗಬಹುದಿತ್ತು ಅನ್ನುವ ಅಲ್ಪರಿಗೆ ಇದು ಅರ್ಥವಾಗಲಿಲ್ಲ.

ಲೋರಿಯಾ 2002ರಲ್ಲಿ 15.8 ಕೋಟಿಗೆ ಕೊಂಡಿದ್ದ ತಂಡವನ್ನು 2017ರಲ್ಲಿ ಮಾರಿದರು. ಎಷ್ಟಕ್ಕೆ? 120 ಕೋಟಿ ಡಾಲರ್‌ಗೆ. ಕೌಂಟಿಯ ಆ ಒಂದು ಸಾಲದ ಕೊನೆಯ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ಎಂಥಾ ಹೊಂದಾಣಿಕೆ! ಬೇಗ ಮಾರಿದರೆ ಲಾಭದಲ್ಲಿ ಶೇಕಡಾ 5 ಕೌಂಟಿಗೆ ಎಂಬ ಕರಾರೂ ಇತ್ತು. ಮಾಲೀಕರ ಕಡೆಯವರು ಕೂಡಿ ಕಳೆದು ನೋಡಿದರೆ ಲಾಭವೇ ಇಲ್ಲ, ನಷ್ಟ! ಕೇಸು ನಡೆಯಿತು. 2021ರಲ್ಲಿ 42 ಲಕ್ಷ ಡಾಲರ್‌ಗೆ ರಾಜಿಯಾಯಿತು. ಆ ದುಡ್ಡಿನಲ್ಲಿ ಮೀನು ಎಗರುವ ಯಂತ್ರ ಒಂದೂವರೆ ಬರುತ್ತದೆ. ಆದರೆ ಇಡುವುದೆಲ್ಲಿ? ಇದ್ದ ಒಂದನ್ನೇ ಹೊಸ ಮಾಲೀಕರು ಸ್ಟೇಡಿಯಂನಿಂದ ಹೊರಗೆ ಸಾಗಿಸಿ ಆಗಿತ್ತು.