ಮಾಳಿಗೆ ಮೇಲಿನ ಟವರ್, ಕೆಳಗಿನ ಪ್ರಜೆ

ಹುಬ್ಬಳ್ಳಿ-ಧಾರವಾಡದ ಓಣಿಗಳ ಮಂದಿಗೆ ಮೊಬೈಲ್ ಟವರ್ ವಿಷಯದಲ್ಲಿ ಒಂದು ಹಕ್ಕು ಗಟ್ಟಿಯಾಗಿದೆ: ಕತ್ತೆತ್ತಿ ನೋಡುವುದು. ನೋಡಿ, “ಯಾರ ಪರ್ಮಿಶನ್ ಮ್ಯಾಲೆ ಏರಸಾಕತ್ತೀರಿ?” ಎಂದು ಕೇಳಲೂಬಹುದು. ಖಾಸಗಿ ಕಟ್ಟಡವಾದರೆ ಪಾಲಿಕೆಯ ಅನುಮತಿಯೇ ಬೇಡ ಎಂದು ಕೇಂದ್ರ 2022ರ ಆಗಸ್ಟ್‌ನಲ್ಲೇ ನಿಯಮ ತಿದ್ದಿತು. ಕೆಲಸ ಶುರುವಾಗುವ ಮೊದಲು ಒಂದು ಲಿಖಿತ ಮಾಹಿತಿ, ಜೊತೆಗೆ ಕಟ್ಟಡ ಟವರ್ ತಾಳುತ್ತದೆ ಎಂಬ ಸ್ಟ್ರಕ್ಚರಲ್ ಎಂಜಿನಿಯರ್ ಸರ್ಟಿಫಿಕೇಟ್ ಕೊಟ್ಟರೆ ಮುಗಿಯಿತು. ನೀವು ಹಿತ್ತಲಲ್ಲಿ ಒಂದು ಕೋಣೆ ಎಬ್ಬಿಸಬೇಕಾದರೆ ಮಾತ್ರ ನಕ್ಷೆ ಸುತ್ತಿಕೊಂಡು ಪಾಲಿಕೆಗೆ ಎಡತಾಕಬೇಕು.

ಸಾರ್ವಜನಿಕ ಜಾಗವಾದರೆ ಅರ್ಜಿ ಹಾಕಬೇಕು, ನಿಜ. ಆದರೆ ಗಡುವಿನೊಳಗೆ ಕಚೇರಿ ಬಾಯಿ ಬಿಡದಿದ್ದರೆ ಒಪ್ಪಿಗೆ ಕೊಟ್ಟಂತೆಯೇ ಲೆಕ್ಕ. ಕಡತದ ಮೇಲೆ ಮಲಗುವುದನ್ನೇ ಮಂಜೂರಾತಿ ಎಂದು ಕರೆದ ಕಾನೂನಿಗೆ ನಮ್ಮ ಕಚೇರಿಗಳ ಪರಿಚಯ ಚೆನ್ನಾಗಿಯೇ ಇದೆ.

ಇನ್ನು ಕಾರ್ಪೊರೇಟರ್ ಬಳಿ ಹೋದರೆ, ಅವಳಿ ನಗರದ 82 ವಾರ್ಡುಗಳಿಗೂ ಟವರ್ ಬೇಕು, ಪಕ್ಕದ ವಾರ್ಡಿನಲ್ಲಿ. ಫ್ಲೆಕ್ಸ್ ಏಳುತ್ತದೆ, ‘ವಿಕಿರಣ ತೊಲಗಿಸಿ’ ಎಂಬ ಮನವಿ ಪಾಲಿಕೆಗೆ ಹೋಗುತ್ತದೆ. ವಿಕಿರಣ ಪಾಲಿಕೆಯ ಕೆಲಸವಲ್ಲ, ದೂರಸಂಪರ್ಕ ಇಲಾಖೆಯದು. ಅದರ ‘ತರಂಗ್ ಸಂಚಾರ್’ ಪೋರ್ಟಲ್ 2017ರಿಂದ ಇದೆ. ಓಣಿಯ ಟವರ್ ಅದರಲ್ಲಿ ಕಾಣುತ್ತದೆ, ₹4,000 ಕಟ್ಟಿದರೆ ಅಳತೆಗೂ ಬರುತ್ತಾರೆ. ಫ್ಲೆಕ್ಸಿಗೆ ವಂತಿಗೆ ಎತ್ತುವವರು ಇದಕ್ಕೆ ಎತ್ತುವುದಿಲ್ಲ, ಅಳತೆಯ ಚೀಟಿಯಲ್ಲಿ ಯಾರ ಫೋಟೋನೂ ಹಾಕುವುದಿಲ್ಲವಲ್ಲ.

ಅಳೆಯುವುದಾದರೂ ಎಲ್ಲಿ? ಎಲ್ಲರೂ ಟವರ್ ಬುಡ ತೋರಿಸುತ್ತಾರೆ. ಆಂಟೆನಾ ಮುಂದಕ್ಕೆ, ಸ್ವಲ್ಪವೇ ಕೆಳಕ್ಕೆ ಬಾಗಿ ಹರಡುತ್ತದೆ. ಬುಡಕ್ಕೆ ಬೀಳುವುದು ಕಡಿಮೆ. ಎದುರಿಗೆ, ಅಷ್ಟೇ ಎತ್ತರದಲ್ಲಿರುವ ಮನೆಯ ಮಾಳಿಗೆಯಲ್ಲಿ ಅಳೆಯಲು ಹೇಳಿ. 2012ರ ಸೆಪ್ಟೆಂಬರ್ 1ರಿಂದ ಭಾರತ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲನ್ನು ಹಿಡಿಯಿತು: 900 ಮೆಗಾಹರ್ಟ್ಸ್‌ಗೆ ಚದರ ಮೀಟರಿಗೆ 0.45 ವ್ಯಾಟ್. ಅಳತೆ ಅದರೊಳಗೆ ಬಂತೆನ್ನಿ, “ಮಷೀನೇ ಸುಳ್ಳು ಹೇಳ್ತೈತ್ರೀ” ಎನ್ನಲು ಒಬ್ಬ ಹಿರಿಯರು ತಯಾರಾಗಿಯೇ ಇರುತ್ತಾರೆ.

ಗೆಲ್ಲಬಹುದಾದ ತಕರಾರು ಬೇರೆಯೇ ಇದೆ, ಅದನ್ನು ಯಾರೂ ಬರೆಯುವುದಿಲ್ಲ. ಕರೆಂಟ್ ಹೋದಾಗ ಗುಡುಗುಡು ಎನ್ನುವ ಡೀಸೆಲ್ ಜನರೇಟರ್! ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಮಿತಿ. ದಿನಾಂಕ, ಹೊತ್ತು ಬರೆದಿಟ್ಟು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಟ್ಟರೆ ಕಡತ ಹುಟ್ಟುತ್ತದೆ. ಆದರೆ ಸದ್ದಿನ ತಕರಾರಿಗೆ ಧರಣಿ ಕೂಡುವಷ್ಟು ಗಾಂಭೀರ್ಯವಿಲ್ಲ ನೋಡಿ.

ಗೆಲ್ಲಬಹುದಾದ ಎರಡನೆಯ ತಕರಾರು ಆ ಎಂಜಿನಿಯರ್ ಸರ್ಟಿಫಿಕೇಟ್. ₹10 ಶುಲ್ಕ ಕಟ್ಟಿ ಪಾಲಿಕೆಗೆ ಮಾಹಿತಿ ಹಕ್ಕು ಅರ್ಜಿ ಹಾಕಿ: ಲಿಖಿತ ಮಾಹಿತಿಯ ಪ್ರತಿ, ಅದು ಬಂದ ಇನ್‌ವರ್ಡ್ ದಿನಾಂಕ, ಎಂಜಿನಿಯರ್ ಪತ್ರದ ಪ್ರತಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಟವರ್ ಎಷ್ಟೇ ಉದ್ದವಿರಲಿ, ನಿಮ್ಮ ಪ್ರಶ್ನೆ ಗಿಡ್ಡವಿರಬೇಕು. ಉತ್ತರಕ್ಕೆ 30 ದಿನ, ಅಷ್ಟರಲ್ಲಿ ಟವರಿಗೆ ಬಣ್ಣವೂ ಒಣಗಿರುತ್ತದೆ. ಇರಲಿ. ಇನ್‌ವರ್ಡ್ ದಿನಾಂಕ ಕ್ರೇನ್ ಬಂದ ದಿನಕ್ಕಿಂತ ಈಚೆಯದೋ, ಪತ್ರದಲ್ಲಿರುವ ಅಂತಸ್ತು ಕಟ್ಟಡದಲ್ಲಿರುವ ಅಂತಸ್ತಿಗೆ ತಾಳೆಯಾಗುತ್ತದೋ, ಅಲ್ಲಿ ಹಿಡಿಯಬೇಕು. ಅದಕ್ಕೇ ಕ್ರೇನ್ ಬಂದ ದಿನದ ಫೋಟೋ ತೆಗೆದಿಡಿ.

ಅಪಾರ್ಟ್‌ಮೆಂಟಿನಲ್ಲಿ ಮಾಳಿಗೆ ಎಲ್ಲರದು. ಅಧ್ಯಕ್ಷರು, ಕಾರ್ಯದರ್ಶಿ ಚಹಾ ಕುಡಿಯುತ್ತ ಸಹಿ ಮಾಡಿದ್ದರೆ ಸಭೆಯ ಠರಾವು ಕೇಳಿ.

ಹಾಗೆಂದು ಈ ವ್ಯವಸ್ಥೆಯಲ್ಲಿ ನಾಗರಿಕನನ್ನು ಯಾರೂ ವಿಚಾರಿಸುವುದಿಲ್ಲ ಎನ್ನುವಂತಿಲ್ಲ. ಫೋನ್ ಬರುತ್ತದೆ: “ಸರ್, ನಿಮ್ಮ ಮಾಳಿಗೆ ಮೇಲೆ ಟವರ್ ಹಾಕಬಹುದಾ? ಕೈತುಂಬ ಬಾಡಿಗೆ. ಟ್ರಾಯ್ ಎನ್‌ಒಸಿಗೆ ಮೊದಲು ಸ್ವಲ್ಪ ಕಟ್ಟಬೇಕು.” ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಅಂಥ ಎನ್‌ಒಸಿ ಕೊಡುವುದೇ ಇಲ್ಲ. ಟವರಿಗೆ ಮುಂಚೆ ನಿಮ್ಮ ಒಪ್ಪಿಗೆಯನ್ನು ಇಷ್ಟು ಮರ್ಯಾದೆಯಿಂದ ಕೇಳುವವನು ಅವನೊಬ್ಬನೇ, ಆ ವಂಚಕ.