ಪರದೆಯ ಕೆಳಗಿನ ಚಪ್ಪಲಿ

ನಮ್ಮ ಮಂಗಳೂರಿನಲ್ಲಿ ಸಲೂನ್ ಅಂದರೆ ತಲೆಕೂದಲು ತೆಗೆಸುವ ಜಾಗ. ತಲೆ ತಿರುಗಿಸಿಕೊಳ್ಳುವ ಜಾಗ ಬೇರೆ ಉಂಟು, ಶೇಂದಿ ಸಾರಾಯಿಯ ಅಂಗಡಿ, ಅದರ ಹೆಸರು ಗಡಂಗು. ಇಂಗ್ಲಿಷ್ ಸಿನಿಮಾದಲ್ಲಿ ಕುದುರೆ ಇಳಿದವನು ಎರಡು ಅರ್ಧ ಬಾಗಿಲುಗಳನ್ನು ದಡ್ ಅಂತ ತಳ್ಳಿಕೊಂಡು ಸಲೂನಿಗೆ ನುಗ್ಗುತ್ತಾನಲ್ಲ, ಅದನ್ನು ನೋಡಿದಾಗೆಲ್ಲ ನನಗೆ ನಗು. ಎಷ್ಟು ಸದ್ದು ಮಾರಾಯ್ರೆ! ನಮ್ಮವರ ಕ್ರಮವೇ ಬೇರೆ. ಮೊದಲು ಎದುರಿನ ಗೂಡಂಗಡಿಯಲ್ಲಿ ನಿಂತು ಒಂದು ಬೀಡಿ. ಬಸ್ಸು ಕಾಯುವವರ ಹಾಗೆ ಆಚೆ ಈಚೆ ನೋಡುವುದು. ಆಮೇಲೆ ಏನೋ ನೆನಪಾದಂತೆ ಸರಕ್ಕನೆ ಒಳಗೆ.

ಗಡಂಗಿನ ಬಾಗಿಲಿಗೆ ಹಳೇ ಸೀರೆಯದೋ ಗೋಣಿಯದೋ ಒಂದು ಪರದೆ. ಅದು ಮೊಣಕಾಲಿನ ತನಕ ಮಾತ್ರ. ಮುಖ ಕಾಣಬಾರದು ಅಂತ ಕಟ್ಟಿದ್ದು, ಕಾಲಿನ ವಿಷಯ ಯಾರಿಗೂ ಹೊಳೆದಿರಲಿಲ್ಲ. ಶಾಲೆ ಬಿಟ್ಟು ಬರುವಾಗ ನಾವು ಮಕ್ಕಳು ಸ್ವಲ್ಪ ಬಗ್ಗಿ ಹಾಜರಿ ತೆಗೆದುಕೊಳ್ಳುತ್ತಿದ್ದೆವು. ಬಾರು ಕಿತ್ತು ಸೇಫ್ಟಿ ಪಿನ್ ಹಾಕಿದ ನೀಲಿ ಹವಾಯಿ ಚಪ್ಪಲಿ ಕಂಡರೆ ಟೈಲರ್. ಒಣಗಿದ ಸಿಮೆಂಟು ಮೆತ್ತಿದ ಪಾದವಾದರೆ ಮೇಸ್ತ್ರಿ. ಕಪ್ಪು ಶೂ ಕಂಡರೆ ಮಾತ್ರ ಓಟ. ಅದು ನಮ್ಮ ಮಾಷ್ಟ್ರು.

ಒಳಗೆ ಹೋಗುವ ಭಾಗ್ಯ ನನಗೆ ಸಿಕ್ಕಿದ್ದು ಪಕ್ಕದ ಮನೆಯ ಬಾಯಮ್ಮನ ದಯೆಯಿಂದ. ಶೇಂದಿಗೆ ತುಳುವಿನಲ್ಲಿ ಕಲಿ, ಅವರ ಕೊಂಕಣಿಯಲ್ಲಿ ಸುರ್. ಹಬ್ಬದ ಹಿಂದಿನ ದಿನ ಬಾಟ್ಲಿ ಕೊಟ್ಟು ಕಳಿಸುತ್ತಿದ್ದರು, ಇಡ್ಲಿಯಂಥ ಸಾನ್ನಾಂ ಮಾಡಲಿಕ್ಕೆ. ಅಕ್ಕಿಯ ಹಿಟ್ಟು ಸರಿಯಾಗಿ ಉಬ್ಬಬೇಕಾದರೆ ಸುರ್ ಬೇಕು. ಯೀಸ್ಟ್ ಹಾಕಿದರೆ ಉಬ್ಬುತ್ತದೆ, ಆದರೆ ರುಚಿ ಇಲ್ಲ ಎಂಬುದು ಅವರ ತೀರ್ಪು. ಹಂದಿ ಮಾಂಸದ ಸಾರಿನಲ್ಲಿ ಅದ್ದಿ ತಿಂದ ಮೇಲೆ ನನ್ನದೂ ಅದೇ ತೀರ್ಪು.

ಶೇಂದಿ ಇಳಿಸುವ ಮೂರ್ತೆಯವರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತೆಂಗಿನ ಮರ ಹತ್ತುತ್ತಾರೆ. ಇನ್ನೂ ಅರಳದ ಹೊಂಬಾಳೆಯ ತುದಿಯನ್ನು ತೆಳ್ಳಗೆ ಕೊಯ್ದು, ಮಡಕೆ ಸಿಕ್ಕಿಸಿ ಇಳಿಯುತ್ತಾರೆ. ತೊಟ್ಟಿಕ್ಕುವ ರಸ ಬರೀ ಸಿಹಿ. ಮಡಕೆಯ ಒಳಗೆ ಸುಣ್ಣ ಬಳಿದಿದ್ದರೆ ಸಿಹಿಯಾಗಿಯೇ ಉಳಿಯುತ್ತದೆ, ಕಾಯಿಸಿದರೆ ಬೆಲ್ಲ. ಸುಣ್ಣ ಇಲ್ಲವೋ, ಅಲ್ಲೇ ಬುರುಗು ಏಳಲು ಶುರು. ಹೊತ್ತು ಏರಿದಂತೆ ಹುಳಿ, ಅಮಲು ಎರಡೂ ಜಾಸ್ತಿ. ಹಾಗೇ ದಿನಗಟ್ಟಲೆ ಬಿಟ್ಟರೆ ವಿನೆಗರ್. ಬೆಲ್ಲಕ್ಕೂ ಅಮಲಿಗೂ ನಡುವೆ ಇರುವುದು ಒಂದಿಷ್ಟು ಸುಣ್ಣ ಅಷ್ಟೇ, ನೋಡಿ.

ಸರ್ಕಾರಗಳು ಈ ಪರದೆಯನ್ನು ಆಗಾಗ ಮೇಲೆ ಕೆಳಗೆ ಮಾಡಿವೆ. ಆಗ ನಾವು ಮದ್ರಾಸಿಗೆ ಸೇರಿದವರು. 1937ರಲ್ಲಿ ರಾಜಾಜಿ ಸೇಲಂ ಜಿಲ್ಲೆಯಲ್ಲಿ ಶುರುಮಾಡಿದ ಪಾನನಿರೋಧ 1948ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಬಂತು. ಗಡಂಗು ಮುಚ್ಚಿತು, ಗೇರುಗುಡ್ಡೆಯಲ್ಲಿ ಕಳ್ಳಭಟ್ಟಿಯ ಹೊಗೆ ಎದ್ದಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದೆವು, ಮುಂದೆ ಗಡಂಗೂ ಮರಳಿ ಬಂತು. 2007ರ ಜುಲೈ 1ಕ್ಕೆ ಸಾರಾಯಿ ಬಂದ್. ಪ್ಯಾಕೆಟನ್ನು ಹಲ್ಲಿನಲ್ಲಿ ಕಚ್ಚಿ ಹರಿಯುತ್ತಿದ್ದವರು ಕ್ವಾರ್ಟರ್ ಬಾಟ್ಲಿಯ ಮುಚ್ಚಳ ತಿರುಗಿಸಲು ಕಲಿತರು.

ದೇವರ ವಿಷಯದಲ್ಲೂ ನಮ್ಮದು ಹೀಗೆಯೇ. ಮೂರ್ತೆ ಬಿಲ್ಲವರ ಕುಲಕಸುಬು. ಅವರು ಗುರುವೆಂದು ನಂಬಿದ ನಾರಾಯಣ ಗುರುಗಳು, 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದವರು, ಮದ್ಯ ಮಾಡಬೇಡಿ, ಕೊಡಬೇಡಿ, ಕುಡಿಯಬೇಡಿ ಎಂದರು. ಅದೇ ಊರಿನಲ್ಲಿ ನಮ್ಮ ದೈವ ಕೊರಗಜ್ಜನಿಗೆ ವೀಳ್ಯ, ಚಕ್ಕುಲಿಯ ಜೊತೆ ಅದೂ ಸಲ್ಲುತ್ತದೆ. ಎರಡೂ ಕಡೆ ಕೈಮುಗಿಯುವವರು ನಾವು. ಅಜ್ಜನಿಗೆ ಮಾತ್ರ ಪರದೆ ಬೇಕಾಗಿಲ್ಲ.

ಆಮೇಲೆ ಸುಪ್ರೀಂ ಕೋರ್ಟಿನದೇ ಒಂದು ಪರದೆ ಬಂತು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಅಂತ 2016ರ ಡಿಸೆಂಬರಿನಲ್ಲಿ ತೀರ್ಪು. 20,000ದ ಒಳಗೆ ಜನ ಇರುವ ಊರುಗಳಿಗೆ ಅದನ್ನು 220 ಮೀಟರಿಗೆ ಇಳಿಸಿದರು. ನಮ್ಮ ಕರಾವಳಿ ಎಂದರೆ ಒಂದು ಕಡೆ ಗುಡ್ಡೆ, ಒಂದು ಕಡೆ ಸಮುದ್ರ, ನಡುವೆ ಹೆದ್ದಾರಿ 66. ಮೂಲ್ಕಿ, ಪಡುಬಿದ್ರಿ, ಕಾಪು ಎಲ್ಲ ಅದಕ್ಕೇ ಅಂಟಿಕೊಂಡ ಊರುಗಳು. ಸುಮ್ನೆ ಹಿಂದೆ ಹೋಗಿ ಅಂದರೆ ಎಲ್ಲಿಗೆ ಹೋಗುವುದು, ನೀರಿಗಾ? 2017ರ ಜುಲೈಯಲ್ಲಿ ಕೋರ್ಟೇ ನಗರದೊಳಗಿನ ರಸ್ತೆಗಳಿಗೆ ಒಂದು ದಾರಿ ಬಿಟ್ಟಿತು.

ಈಗ ಗಡಂಗು ಕಡಿಮೆ, ಬಾರ್ ಎಂಡ್ ರೆಸ್ಟೋರೆಂಟ್ ಜಾಸ್ತಿ. ಪರದೆಯ ಜಾಗಕ್ಕೆ ಕಪ್ಪು ಗಾಜು ಬಂದಿದೆ. ಒಳಗೆ ಮಧ್ಯಾಹ್ನವೇ ರಾತ್ರಿ. "ಬಾರಿಗೆ ಹೋಗಿದ್ದೆ" ಅಂತ ಯಾರೂ ಹೇಳುವುದಿಲ್ಲ, "ಊಟಕ್ಕೆ ಹೋಗಿದ್ದೆ" ಅನ್ನುತ್ತಾರೆ. ಪೂರ್ತಿ ಸುಳ್ಳೂ ಅಲ್ಲ. ಕಾಣೆ ಮೀನಿನ ರವಾ ಫ್ರೈ ಮನೆಯಲ್ಲಿ ಅಷ್ಟು ಗರಿಗರಿ ಆಗುವುದಿಲ್ಲ ಎಂಬುದು ಸತ್ಯ.

ಮೊನ್ನೆ ನಾನೂ ಹಾಗೆ ಊಟಕ್ಕೆ ಹೋದೆ. ಸ್ಕೂಟರನ್ನು ಪಕ್ಕದ ಮೆಡಿಕಲ್ ಶಾಪಿನ ಎದುರು, ಮದ್ದಿಗೆ ಬಂದವನ ಹಾಗೆ ನಿಲ್ಲಿಸಿದ್ದೆ. ಮರುದಿನ ಬೆಳಿಗ್ಗೆ ಆಚೆ ಮನೆಯವರು ಗೇಟಿನ ಹತ್ತಿರ ಸಿಕ್ಕಿದರು.

"ನಿನ್ನೆ ನಿಮ್ಮ ಸ್ಕೂಟರ್ ಕಂಡೆ. ಹುಷಾರಿಲ್ವಾ?"

"ಸ್ವಲ್ಪ ತಲೆನೋವು. ನೀವು ಎಲ್ಲಿದ್ರಿ? ಕಾಣಲೇ ಇಲ್ಲ."

"ನಾನು ಕಿಟಕಿಯ ಟೇಬಲಲ್ಲಿದ್ದೆ. ಆ ಗಾಜು ಹೊರಗಿನವರಿಗೆ ಮಾತ್ರ ಕಪ್ಪು ಅಲ್ವಾ?"