ಹಾಲ್‌ನಲ್ಲೊಂದು ಹಳದಿ-ಕೆಂಪು

ನಮ್ಮ ಹಾಲ್‌ನ ಗೋಡೆಯಲ್ಲಿ ಕ್ಯಾಲೆಂಡರಿನ ಮೊಳೆಯೊಂದು ವರ್ಷದಿಂದ ಬರಿದಾಗಿತ್ತು. ಅದಕ್ಕೊಂದು ಚಿತ್ರ ತರೋಣವೆಂದು ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋಗಿ, ಹಿಡಿಸಿದ ಕ್ಯಾನ್ವಾಸಿನ ಬೆಲೆ ಕೇಳಿ, ಸುಟ್ಟ ಜೋಳ ತಿಂದು ವಾಪಸಾದೆವು. ಉಳಿದದ್ದು ಅಕ್ರಿಲಿಕ್ ಪ್ರಿಂಟ್, ಗಾಜಿನಂಥ ಪ್ಲಾಸ್ಟಿಕ್ ಹಾಳೆಯ ಹಿಂದಿನ ಅಚ್ಚು.

ಮೊದಲು ಕಣ್ಣು ಬಿದ್ದದ್ದು ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ ಮೇಲೆ. ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಸುತ್ತ ಓಡಾಡುತ್ತ ಡಬ್ಬಿ ಪೇಂಟನ್ನು ಕಡ್ಡಿಯಿಂದ ತೊಟ್ಟಿಕ್ಕಿಸಿದ ಮಹಾರಾಯ. 1947ರ ಒಂದು ಚಿತ್ರದಲ್ಲಂತೂ ಬಣ್ಣದೊಳಗೆ ಮೊಳೆ, ಗುಂಡಿ, ಬೀಗದ ಕೈ, ಸಿಗರೇಟು ಎಲ್ಲ ಹೂತಿವೆ. ನನ್ನವಳು ಫೋನಿನಲ್ಲಿ ಒಂದು ಕ್ಷಣ ನೋಡಿದಳು. "ಪೇಂಟ್ ಹೊಡೆಸುವಾಗ ಸೋಫಾಗೆ ಹೊದಿಸಿದ್ದ ಬೆಡ್‌ಶೀಟ್ ಅಟ್ಟದಲ್ಲೇ ಇದೆಯಲ್ರೀ." ಅದಿರಲಿ, 1950ರಲ್ಲಿ ಆತ ಬರೆದ 'ಆಟಮ್ ರಿದಮ್' 17 ಅಡಿ ಅಗಲ. ನಮ್ಮ ಹಾಲ್ 12 ಅಡಿ. ಎರಡೂವರೆ ಅಡಿಗೆ ಇಳಿಸಿದರೆ ಬಾಚಣಿಗೆಯಿಂದ ತೆಗೆದ ಕೂದಲುಂಡೆ.

ಹಾಗಾಗಿ ಅಲ್ಲಿಯವನೇ ಆದ ಇನ್ನೊಬ್ಬ ಚಿತ್ರಕಾರ ಮಾರ್ಕ್ ರಾಥ್ಕೋ ಜಾಡಿನದೊಂದನ್ನು ಆರಿಸಿದೆ. ಅಂಚು ಮಸುಕಾದ ಎರಡು ಬಣ್ಣದ ಪಟ್ಟೆ, ಅಷ್ಟೇ. ಬಂದಾಗ ತಿಳಿಯಿತು, ಹಳೇ ಮೊಳೆ ದಂಡ. ಕಾಗದದ ಮೇಲಿನ ಅಚ್ಚನ್ನು ದಪ್ಪ ಅಕ್ರಿಲಿಕ್ ಹಾಳೆಯ ಬೆನ್ನಿಗೆ ಅಂಟಿಸಿರುತ್ತಾರೆ. ನಾಲ್ಕು ಮೂಲೆಗೂ ಸ್ಟೀಲ್ ಬಿರಡೆ, ನಾಲ್ಕು ತೂತು, ಓನರ್ ಪರ್ಮಿಷನ್.

ಡ್ರಿಲ್ ತಂದ ಹುಡುಗ ಸಿಕ್ಕಿಸಿ ಹೋದ. ಕೆಂಪು ಮೇಲೆ, ಹಳದಿ ಕೆಳಗೆ. ನನಗೂ ಅನುಮಾನ ಬರಲಿಲ್ಲ. 1961ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಮ್ಮಿನಲ್ಲೇ ಫ್ರೆಂಚ್ ಕಲಾವಿದ ಮಾತೀಸ್‌ನ ದೋಣಿ ಚಿತ್ರ 47 ದಿನ ತಲೆಕೆಳಗಾಗಿ ನೇತಾಡಿತ್ತು, ನಾನ್ಯಾವ ಲೆಕ್ಕ? ಕಂಡುಹಿಡಿದವರು ಕೆಳಗಿನ ಮನೆಯ ಅಂಕಲ್. ಕಾಫಿ ಲೋಟ ಕೆಳಗಿಟ್ಟು ಎದ್ದೇ ನಿಂತರು. "ಏನಪ್ಪಾ ಇದು, ನಮ್ಮ ಬಾವುಟಾನ ಉಲ್ಟಾ ಹಾಕಿದ್ದೀಯಾ?" ರಾಥ್ಕೋ, ನ್ಯೂಯಾರ್ಕ್, ಅಮೂರ್ತ ಎಂದೆಲ್ಲ ಒದರಿದೆ. "ಅವರು ಎಲ್ಲಿಯವರಾದರೇನು, ಹಳದಿ ಮೇಲಿರಬೇಕು" ಎಂದರು. ಹುಡುಗನನ್ನು ಮತ್ತೆ ಕರೆಸಿ ತಿರುಗಿಸಿದ ಮೇಲೆ ಹಿಂಬದಿಯ ಬಾಣದ ಗುರುತು ಕಂಡಿತು. ಅಂಕಲ್ ಹೇಳಿದ್ದೇ ಸರಿ.

ತನ್ನ ಚಿತ್ರಗಳನ್ನು 18 ಅಂಗುಲದಷ್ಟು ಹತ್ತಿರದಿಂದ ನೋಡಬೇಕೆಂದು ರಾಥ್ಕೋ ಹೇಳುತ್ತಿದ್ದನಂತೆ. ನೋಡುವವನು ಬಣ್ಣದೊಳಗೇ ನಿಂತಂತಾಗಬೇಕು. ಒಂದು ಸಂಜೆ ನಿಂತೆ. ಅಕ್ರಿಲಿಕ್ಕಿನ ಹೊಳಪಿನಲ್ಲಿ ಕಂಡದ್ದು ಟ್ಯೂಬ್‌ಲೈಟು, ಹಿಂದೆ ಒಣಗಲು ಹಾಕಿದ ಟವೆಲ್ಲು, ಹಳದಿ ಕೆಂಪು ಕೂಡುವಲ್ಲಿ ಸರಿಯಾಗಿ ನನ್ನ ಮೂಗು. ಕೈಯಾಡಿಸಿದರೆ ದೋಸೆಕಲ್ಲಿಗಿಂತ ನುಣುಪು. ಕುಂಚ ಓಡಿದ ಜಾಡು ಬೆರಳಿಗೆ ಎಲ್ಲೂ ಸಿಗುವುದಿಲ್ಲ. ಧೂಳು ಮಾತ್ರ ದಿನಾ ಹೊಸದಾಗಿ ಕೂರುತ್ತದೆ. ಒರೆಸಿದಷ್ಟೂ ಅಯಸ್ಕಾಂತದ ಹಾಗೆ ಎಳೆದುಕೊಳ್ಳುತ್ತದೆ.

ನವೆಂಬರ್ ಒಂದಕ್ಕೆ ಬೀದಿಯವರು ಬಂದರು. ಭುವನೇಶ್ವರಿ ಫೋಟೋ ಹಿಂದೆ ನಿಲ್ಲಿಸೋಕೆ "ಆ ಗ್ಲಾಸಿನ ಬಾವುಟ" ಬೇಕಂತೆ, ಅಂಕಲ್ ಹೇಳಿದ್ದಾರಂತೆ. ಕೊಟ್ಟೆ. ರಾತ್ರಿ ಹುಷಾರಾಗಿ ತಂದು ಸಿಕ್ಕಿಸಿ ಹೋದರು. ಬೆಳಿಗ್ಗೆ ನೋಡಿದರೆ ಹಳದಿಯ ನಡುವೆ ಅಚ್ಚುಕಟ್ಟಾಗಿ ಗಂಧ, ಅದರ ಮೇಲೆ ಕುಂಕುಮ. ಒರೆಸಲು ಬಟ್ಟೆ ಹಿಡಿದು ಹತ್ತಿರ ಹೋದೆ. ಒಣಗಿ ಗಟ್ಟಿಯಾಗಿತ್ತು, ಬೆರಳಿಗೆ ಉಬ್ಬು ತಾಕಿತು. ಬಟ್ಟೆಯನ್ನು ಟೀವಿ ಒರೆಸಲು ಬಳಸಿದೆ.